ಸಹಾಯ ಬೇಕು: ಚಿಕ್ಕಬಳ್ಳಾಪುರದ ಹಳೇ ಬೈಕ್ ಸ್ಪೇರ್ಸ್ ಸಂತೆ, ಶನಿವಾರ ರಾತ್ರಿ ಮಲಗಲು ವ್ಯವಸ್ಥೆ

ನಮಸ್ಕಾರ. ಜಾವಾ, ಯೆಜ್ಡಿ ಬಿಡಿಭಾಗ ಕೊಟ್ಟು ತಗೊಳ್ಳುವ ಎರಡು ದಿನದ ಸಂತೆಗೆ ಟಾಟಾ ಏಸ್‌ನಲ್ಲಿ ಇಬ್ಬರು ಬರ್ತಿದ್ದೀವಿ. ಸಾಮಾನು ಬಿಟ್ಟು ಲಾಡ್ಜಿಗೆ ಹೋಗುವ ಹಾಗಿಲ್ಲ, ಗಾಡಿಯಲ್ಲೇ ಮಲಗಬೇಕು.

ಹಿಂದಿನ ತೊಟ್ಟಿ ಏಳಡಿ ಉದ್ದ ಇದೆ, ಜಾಗಕ್ಕೆ ತೊಂದರೆಯಿಲ್ಲ. ತೊಂದರೆ ಚಳಿಯದ್ದು, ಇಬ್ಬನಿಯದ್ದು. ತಗಡು ಮೈಶಾಖವನ್ನೆಲ್ಲ ಕೆಳಗಿನಿಂದ ಎಳೆದುಕೊಳ್ಳುತ್ತೆ. ಎಷ್ಟು ಕಂಬಳಿ ಹೊದ್ದರೂ ಬೆನ್ನು ತಣ್ಣಗೇ. ಅದಕ್ಕೆ ಅಡಿಗೆ ಎರಡು ಪದರ ರಟ್ಟು, ಅದರ ಮೇಲೆ ಒಂದಿಂಚು ಫೋಮ್, ಆಮೇಲೆ ಜಮಖಾನ ಅಂತ ಲೆಕ್ಕ ಹಾಕಿದ್ದೀವಿ. ಟಾರ್ಪಾಲನ್ನು ನಾಲ್ಕೂ ಕಡೆ ಬಿಗಿದರೆ ಉಸಿರಿನ ತೇವ ಒಳಗೇ ಹನಿಗಟ್ಟಿ ಬೆಳಗಿನ ಜಾವ ಹೊದಿಕೆ ಮೇಲೆ ತೊಟ್ಟಿಕ್ಕುತ್ತೆ. ಹಾಗಾಗಿ ನಡುವೆ ಗಳ ಕೊಟ್ಟು ಇಳಿಜಾರು ಮಾಡಿ, ಹಿಂದೆ ಮುಂದೆ ಒಂದೊಂದು ಗೇಣು ತೆರೆದೇ ಇಡಬೇಕು. ಪೆಟ್ರೋಲ್ ಪಸೆ ಇರುವ ಟ್ಯಾಂಕು, ಕಾರ್ಬುರೇಟರ್ ಮಲಗುವ ಕಡೆ ಇಡುವುದಿಲ್ಲ. ಸೊಳ್ಳೆಬತ್ತಿಯನ್ನೂ ಹಚ್ಚುವುದಿಲ್ಲ, ಸೊಳ್ಳೆಪರದೆಯೇ ಸರಿ.

ಗೊತ್ತಿರುವವರು ದಯವಿಟ್ಟು ಹೇಳಿ: ಗಳ ನಿಲ್ಲಿಸಲು ಏಸ್ ತೊಟ್ಟಿಗೆ ಕ್ಲ್ಯಾಂಪ್ ಹಾಕಿದವರು ಯಾವ ಅಳತೆಯ ಪೈಪ್ ಬಳಸಿದ್ದೀರಿ? ಎನ್‌ಎಚ್ 44ರ ಲಾರಿ ಸದ್ದಿನಿಂದ ಸ್ವಲ್ಪ ಒಳಗೆ, ರಾತ್ರಿ ಗಾಡಿ ನಿಲ್ಲಿಸಲು ಬಿಡುವ, ಶೌಚಾಲಯ ಇರುವ ಕಲ್ಯಾಣಮಂಟಪ ಯಾವುದಾದರೂ ಇದೆಯಾ? ನೆಲ ಸಮತಟ್ಟಾಗಿರಲಿ. ಕೆರೆ ಪಕ್ಕದ ತಗ್ಗು ಮಾತ್ರ ಬೇಡ, ಥಂಡಿಯೆಲ್ಲ ಅಲ್ಲೇ ಬಂದು ಕೂರುತ್ತೆ.