ಅಶೋಕ್ ಕುಮಾರ್ ಹಾಜಿರ್ ಹೋ!

"ನನ್ನ ಮೇಲೆ ಹೈಕೋರ್ಟಿನಲ್ಲಿ ಎಷ್ಟು ಕೇಸಿದೆ ಗೊತ್ತುಂಟಾ?"

ಅಶೋಕ್ ಕುಮಾರ್ ಒಳಗೆ ಬಂದು ಕೊಡೆ ಮಡಚುವ ಮೊದಲೇ ಕೇಳಿದ. ಶೆಟ್ರು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. "ಕೇಸು ಎಷ್ಟಾದರೂ ಇರಲಿ ಮಾರಾಯ, ಕೊಡೆಯ ನೀರು ನನ್ನ ನೆಲಕ್ಕೆ ಬೀಳಿಸಬೇಡ" ಅಂದರು.

ಜುಲೈ ತಿಂಗಳ ಭಾನುವಾರ. ಮಾಟುಂಗಾದ ಮಳೆ. ಡೊಂಬಿವಿಲಿಯಿಂದ ಬರಬೇಕಾದ ಕುಲಕರ್ಣಿ ಮಾಸ್ತರರ ಲೋಕಲ್ ಕುರ್ಲಾದಲ್ಲಿ ಅರ್ಧ ಗಂಟೆ ನಿಂತಿತ್ತಂತೆ. ಅವರು ಬಂದು ಪ್ಯಾಂಟಿನ ಕಾಲು ಹಿಂಡಿಕೊಳ್ಳುತ್ತಿದ್ದರು. ವನಜಕ್ಕನ ಎರಡನೇ ಕಾಫಿ ಮುಗಿದಿತ್ತು. ಪ್ರಜ್ವಲ ಬನ್ಸ್ ಹರಿದು ಚಟ್ನಿಗೆ ಅದ್ದುತ್ತಿದ್ದ.

"ಎಂಥ ಕೇಸು?" ವನಜಕ್ಕ ಕೇಳಿದರು.

"ಸಿನಿಮಾ ಕದ್ದದ್ದು. ಕ್ರಿಕೆಟ್ ಕದ್ದದ್ದು. ಪೇಪರಿನಲ್ಲಿ ಬಂದಿದೆ. 'ಅಶೋಕ್ ಕುಮಾರ್ ವಿರುದ್ಧ ಹೈಕೋರ್ಟ್ ಆದೇಶ' ಅಂತ. ಬೆಳಗ್ಗೆ ಬೆಳಗ್ಗೆ ಹೆಂಡತಿ ಓದಿ ಹೇಳಿದ್ದು. ಚಹಾನೇ ಕೊಡಲಿಲ್ಲ."

ಪ್ರಜ್ವಲ ನಕ್ಕು ನಕ್ಕು ಬನ್ಸ್ ಗಂಟಲಿಗೆ ಸಿಕ್ಕಿಸಿಕೊಂಡ. ನೀರು ಕುಡಿದು ವಿಷಯ ಬಿಡಿಸಿದ. ಕಳ್ಳ ಯಾರು ಅಂತ ಗೊತ್ತಿಲ್ಲದಾಗಲೂ ಕೇಸು ಹಾಕಬಹುದಂತೆ. ಅಮೆರಿಕದಲ್ಲಿ ಅಂಥವನಿಗೆ 'ಜಾನ್ ಡೋ' ಅಂತ ಹೆಸರಿಡುತ್ತಾರೆ. ನಮ್ಮಲ್ಲಿ 'ಅಶೋಕ್ ಕುಮಾರ್'. ಶುರುವಾದದ್ದು 2002ರಲ್ಲಿ, ದೆಹಲಿ ಹೈಕೋರ್ಟಿನಲ್ಲಿ. ಫುಟ್‌ಬಾಲ್ ವಿಶ್ವಕಪ್ಪನ್ನು ಕೇಬಲ್‌ನವರು ಪುಕ್ಕಟೆ ತೋರಿಸುತ್ತಾರೆ ಅಂತ ಒಂದು ಚಾನೆಲ್ ಹೋಗಿತ್ತು. ಈಗ ಸಿನಿಮಾ ಬಿಡುಗಡೆಗೆ ಮುಂಚೆಯೇ ನಿರ್ಮಾಪಕರು ಹೋಗಿ ಒಂದು ಅಶೋಕ್ ಕುಮಾರ್ ಆದೇಶ ತಂದಿಟ್ಟುಕೊಳ್ಳುತ್ತಾರೆ.

"ಅಂದ್ರೆ ಮುಹೂರ್ತಕ್ಕೆ ಕಾಯಿ ಒಡೆದ ಹಾಗೆ" ಅಂದರು ಶೆಟ್ರು.

"ಆದರೆ ನನ್ನ ಹೆಸರೇ ಯಾಕೆ? ದೇಶದಲ್ಲಿ ಬೇರೆ ಹೆಸರಿಲ್ವಾ? ಕುಲಕರ್ಣಿ ಅಂತ ಇಡಬಹುದಿತ್ತು!"

"ನಾವು ಕಾನೂನು ಪಾಲಿಸೋ ಮಂದಿರೀ" ಅಂತ ಮಾಸ್ತರು ಗಂಭೀರವಾಗಿ ಹೇಳಿದರು. "ಬೀಗ ಮುರಿದವ ಕಳ್ಳ. ಅದರಾಗ ಹರಟೆ ಏನದ?"

ವನಜಕ್ಕ ಲೋಟ ಕೆಳಗಿಟ್ಟರು. ವನಜಕ್ಕ ಲೋಟ ಇಟ್ಟರೆ ಬ್ಯಾಂಕಿನಲ್ಲಿ ಮ್ಯಾನೇಜರು ಎದ್ದು ನಿಲ್ಲುತ್ತಿದ್ದರಂತೆ.

"ಸ್ವಂತ ಮನೆಯ ಬೀಗ ಮುರಿದವನನ್ನು ಕಳ್ಳ ಅನ್ನೋದಿಲ್ಲ ಮಾಸ್ತರೇ. ಬೀಗದಕೈ ಕಳಕೊಂಡವ ಅಂತಾರೆ."

ಅಲ್ಲಿಂದ ಮಾತು ನಾರ್ವೆಗೆ ಹೋಯಿತು. ಕರೆದುಕೊಂಡು ಹೋದವನು ಪ್ರಜ್ವಲ. ಹಗಲೆಲ್ಲ ಐರೋಲಿಯ ಆಫೀಸಿನಲ್ಲಿ ಹ್ಯಾಕರ್‌ಗಳನ್ನು ತಡೆಯುವುದು, ರಜೆಯ ದಿನ ಅವರ ಗುಣಗಾನ ಮಾಡುವುದು, ಇದು ಅವನ ಸಂಸಾರ. 1999ರಲ್ಲಿ ಯೋನ್ ಲೆಕ್ ಯೊಹಾನ್ಸನ್ ಅಂತ 15 ವರ್ಷದ ಹುಡುಗ. ದುಡ್ಡು ಕೊಟ್ಟು ತಂದ ಡಿವಿಡಿ ಲಿನಕ್ಸ್ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಡಿವಿಡಿಗೆ ಕಂಪನಿಗಳು ಗುಪ್ತ ಲಿಪಿಯ ಬೀಗ ಹಾಕಿದ್ದವು. ಹುಡುಗ ಇನ್ನಿಬ್ಬರ ಜೊತೆ ಸೇರಿ ಆ ಬೀಗ ಬಿಚ್ಚುವ ಪುಟ್ಟ ಪ್ರೋಗ್ರಾಂ ಹೊರಗೆ ಬಿಟ್ಟ. ಡಿ-ಸಿಎಸ್‌ಎಸ್ ಅಂತ ಹೆಸರು. ಪೊಲೀಸರು ಮನೆಗೆ ಬಂದರು.

"ಆಮೇಲೆ?"

"2003ರಲ್ಲಿ ಕೋರ್ಟು ಬಿಟ್ಟಿತು. ಮೇಲಿನ ಕೋರ್ಟೂ ಅದೇ ವರ್ಷ ಬಿಟ್ಟಿತು. ತಾನು ಕೊಂಡ ಡಿವಿಡಿ ತಾನು ನೋಡೋದು ತಪ್ಪಲ್ಲ ಅಂತ."

"ನಾನು ಹೇಳಿದ್ದನ್ನೇ ಹೇಳಲಿಕ್ಕೆ ಅವರಿಗೆ ಎರಡು ಕೋರ್ಟು ಬೇಕಾಯ್ತು" ಅಂದರು ವನಜಕ್ಕ.

ನ್ಯೂಯಾರ್ಕಿನಲ್ಲಿ ಮಾತ್ರ ಕತೆ ಬೇರೆಯಾಯಿತು. '2600' ಅಂತ ಹ್ಯಾಕರ್‌ಗಳ ಪತ್ರಿಕೆಯೊಂದು ಆ ಪ್ರೋಗ್ರಾಂ ಹಾಕಿತು. ಸಿನಿಮಾ ಕಂಪನಿಗಳು ಕೇಸು ಹಾಕಿದವು. ಬೀಗ ಬಿಚ್ಚುವ ಸಲಕರಣೆ ಹಂಚುವುದೇ ತಪ್ಪು ಅಂತ ಅಲ್ಲಿ 1998ರಿಂದ ಕಾನೂನಿದೆ. 2000ದ ಆಗಸ್ಟಿನಲ್ಲಿ ನ್ಯಾಯಾಧೀಶ ಕಪ್ಲಾನ್ ತೀರ್ಪು ಕೊಟ್ಟರು. ಪ್ರೋಗ್ರಾಂ ಬರೆಯೋದೂ ಮಾತಾಡೋದೇ, ಒಪ್ಪಿದೆ, ಆದರೆ ಈ ಮಾತು ಆಡಕೂಡದು. ಎಲ್ಲಿ ಸಿಗುತ್ತದೆ ಅಂತ ಲಿಂಕ್ ಕೊಡಕೂಡದು ಅಂತಲೂ ಹೇಳಿದರು.

"ನಮ್ಮ ಅತ್ತೆ ಹಾಗೇ" ಅಂದರು ವನಜಕ್ಕ. "ಮಾತಾಡು ಮಗಾ, ಯಾರು ಬೇಡ ಅಂದ್ರು, ಬಾಯಿ ಮಾತ್ರ ತೆರೀಬೇಡ."

ಬಾಯಿ ತೆರೆಯಬೇಡ ಅಂದದ್ದೇ ತಪ್ಪಾಯಿತು. ಜನ ಆ ಪ್ರೋಗ್ರಾಮನ್ನು ಟೀಶರ್ಟಿನ ಮೇಲೆ ಅಚ್ಚು ಹಾಕಿಸಿದರು. ಒಬ್ಬ ಪುಣ್ಯಾತ್ಮ ಅದನ್ನು ಪೂರಾ ಹೈಕುಗಳಲ್ಲಿ ಬರೆದ. ಕವನವನ್ನು ನಿಷೇಧಿಸುತ್ತೀರಾ, ನಿಷೇಧಿಸಿ ನೋಡೋಣ ಅಂತ. 2001ರಲ್ಲಿ ಫಿಲ್ ಕಾರ್ಮಡಿ ಅನ್ನುವವರು ಇನ್ನೂ ಮುಂದೆ ಹೋಗಿ ಒಂದು ಅವಿಭಾಜ್ಯ ಸಂಖ್ಯೆ ಹುಡುಕಿದರು. ಅದನ್ನು ಕಂಪ್ಯೂಟರಿಗೆ ತಿನ್ನಿಸಿದರೆ ಅದೇ ಪ್ರೋಗ್ರಾಂ ಹೊರಗೆ ಬರುತ್ತದೆ. 1401 ಅಂಕಿ.

ಕುಲಕರ್ಣಿ ಮಾಸ್ತರು 34 ವರ್ಷ ಗಣಿತ ಕಲಿಸಿದವರು. ಅವರ ಕಾನೂನು ಪ್ರೀತಿ ಅಲ್ಲೇ ಕರಗಿತು. "1401 ಅವಿಭಾಜ್ಯ ಅಲ್ಲೇ ಅಲ್ಲ. ಅಂಕಿ ಕೂಡಿಸಿದ್ರ ಆರು. ಮೂರರಿಂದ ಭಾಗ ಹೋಗ್ತದ."

"ಸಂಖ್ಯೆ 1401 ಅಲ್ಲ ಸರ್. ಸಂಖ್ಯೆಯಲ್ಲಿ 1401 ಅಂಕಿಗಳಿವೆ."

"ಹಂಗಾ!" ಮಾಸ್ತರರ ಕಣ್ಣು ಹೊಳೆಯಿತು. ಕಾಗದದ ಕರವಸ್ತ್ರ ಎಳೆದುಕೊಂಡು ಜೇಬಿನಿಂದ ಪೆನ್ನು ತೆಗೆದರು. "ಒಂದು ಸಂಖ್ಯೆ ಮ್ಯಾಲ ಕೇಸು ಹಾಕಿದ್ರ ಅದರ ಮುಂದಿನ ಸಂಖ್ಯೆ ಏನು ಮಾಡಬೇಕ್ರಿ? ಅದಕ್ಕ ಒಂದು ಕೂಡಿಸಿದ್ರ ನಿರಪರಾಧಿ, ಮತ್ತ ಒಂದು ಕಳೆದ್ರ ಅಪರಾಧಿ!" ಆಮೇಲೆ ಹತ್ತು ನಿಮಿಷ ಅವರು ನಮ್ಮ ಜೊತೆ ಇರಲಿಲ್ಲ.

ಅಶೋಕನಿಗೆ ಇದ್ಯಾವುದೂ ರುಚಿಸಲಿಲ್ಲ. ಹೆಸರಿನ ಮರ್ಯಾದೆ ಹೋದವನಿಗೆ ಸಂಖ್ಯೆಯ ಮರ್ಯಾದೆ ಕಟ್ಟಿಕೊಂಡು ಏನಾಗಬೇಕು? "ನಮ್ಮಲ್ಲಿ ಬೀಗ ಬಿಚ್ಚಿದರೆ?"

"2012ರಲ್ಲಿ ಕಾನೂನು ತಿದ್ದಿದ್ದಾರೆ. ಎರಡು ವರ್ಷದವರೆಗೆ ಜೈಲು" ಅಂದ ಪ್ರಜ್ವಲ. ಅಶೋಕನ ಮುಖ ನೋಡಿ ಬೇಗ ಬೇಗ ಸೇರಿಸಿದ. "ಆದರೆ ಹಕ್ಕು ಕದಿಯುವ ಉದ್ದೇಶದಿಂದಲೇ ಬಿಚ್ಚಿರಬೇಕು. ಇಲ್ಲೇ ನಮ್ಮ ಬಾಂಬೆ ಹೈಕೋರ್ಟಿನಲ್ಲಿ 2016ರಲ್ಲಿ ನ್ಯಾಯಮೂರ್ತಿ ಗೌತಮ್ ಪಟೇಲ್, ಸುಮ್ನೆ ನೋಡಿದ್ದೇ ಅಪರಾಧ ಅಲ್ಲ ಅಂದಿದ್ದಾರೆ."

"ಅದನ್ನು ಸ್ವಲ್ಪ ನನ್ನ ಹೆಂಡತಿಗೆ ಫೋನ್ ಮಾಡಿ ಹೇಳ್ತೀಯಾ?"

ಶೆಟ್ರು ಗೋಲಿಬಜೆ ಕಳಿಸಿದರು. ತಾವೂ ಎದ್ದು ಬಂದು ಕುಳಿತರು. ಮಳೆಗೆ ಗಿರಾಕಿ ಕಡಿಮೆ. "ನನಗೆ ಒಂದು ಅರ್ಥ ಆಗೋದಿಲ್ಲ. ಮೊಮ್ಮಗಳಿಗೆ ಮೊಬೈಲಿನಲ್ಲಿ ಪುಸ್ತಕ ತೆಗೆಸಿಕೊಟ್ಟೆ. ಅವಳ ತಮ್ಮನಿಗೂ ಅದನ್ನೇ ಕೊಡು ಅಂದರೆ ಆಗೋದಿಲ್ಲವಂತೆ. ಅವನಿಗೆ ಬೇರೆ ತಗೋಬೇಕಂತೆ. ದುಡ್ಡು ಕೊಟ್ಟದ್ದು ನಾನಲ್ವಾ?"

ವನಜಕ್ಕ ಇದಕ್ಕೇ ಕಾಯುತ್ತಿದ್ದರು ಅನ್ನಿಸುತ್ತದೆ.

"ಶೆಟ್ರೇ, ನೀವು ಪುಸ್ತಕ ಕೊಂಡಿಲ್ಲ. ಪಗಡಿ ಕೊಟ್ಟು ಒಳಗೆ ಸೇರಿದ್ದೀರಿ."

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಮುಂಬಯಿಯಲ್ಲಿ ಪಗಡಿ ಅಂದರೆ ವಿವರಿಸಬೇಕಿಲ್ಲ. ಶೆಟ್ರ ಹೋಟೆಲೇ ಪಗಡಿಯದು. ಕೈತುಂಬ ದುಡ್ಡು ಎಣಿಸಿ ಕೊಟ್ಟರೂ ಜಾಗ ಮಾಲೀಕನದೇ, ಗೋಡೆಗೆ ಮೊಳೆ ಹೊಡೆದರೂ ಅವನ ಗುಮಾಸ್ತ ಬಂದು ನೋಡಿ ಹೋಗುತ್ತಾನೆ.

"ಅಲ್ಲ, ಪಗಡಿಯೇ ವಾಸಿ" ವನಜಕ್ಕ ತಾವೇ ತಿದ್ದಿಕೊಂಡರು. "ಪಗಡಿ ಮನೆ ಮಕ್ಕಳಿಗಾದರೂ ಬರುತ್ತೆ. ಮಾಲೀಕ ರಾತ್ರಿ ಬಂದು ಸಾಮಾನು ಹೊತ್ತುಕೊಂಡು ಹೋಗೋದಿಲ್ಲ. 2009ರಲ್ಲಿ ಅಮೆಜಾನ್‌ನವರು ಜನರ ಕಿಂಡಲ್ ಒಳಗಿಂದಲೇ ಪುಸ್ತಕ ಅಳಿಸಿಬಿಟ್ಟಿದ್ದರು. ಮಾರಿದವನಿಗೆ ಹಕ್ಕಿರಲಿಲ್ಲವಂತೆ. ದುಡ್ಡು ವಾಪಸ್ ಕೊಟ್ಟರು, ಸರಿ. ಅಳಿಸಿದ್ದು ಯಾವ ಪುಸ್ತಕ? ಜಾರ್ಜ್ ಆರ್ವೆಲ್‌ದು, ಸರ್ಕಾರ ಎಲ್ಲರ ಕಾಗದಪತ್ರ ಸುಟ್ಟು ಹಾಕುವ ಕತೆ. ತಮಾಷೆ ಮಾಡಲಿಕ್ಕೂ ಒಂದು ಹದ ಬೇಡವಾ?"

ಪ್ರಜ್ವಲ ಅವಕಾಶ ಬಿಡಲಿಲ್ಲ. 2012ರ ಜೂನ್‌ನಲ್ಲಿ ಆಜಾದ್ ಮೈದಾನದಲ್ಲಿ ನಡೆದ ಪ್ರತಿಭಟನೆ ತೆಗೆದ. ಚೆನ್ನೈಯ ಒಂದು ಅಶೋಕ್ ಕುಮಾರ್ ಆದೇಶ ಹಿಡಿದು ಇಂಟರ್ನೆಟ್ ಕಂಪನಿಗಳು ಇಡೀ ಇಡೀ ಜಾಲತಾಣಗಳನ್ನೇ ಮುಚ್ಚಿದ್ದವು. ಅನಾನಿಮಸ್ ಅನ್ನುವ ಹ್ಯಾಕರ್ ಗುಂಪಿನ ಹುಡುಗರು ಬಿಳಿ ಮುಖ, ಚೂಪು ಮೀಸೆಯ ಮುಖವಾಡ ಹಾಕಿಕೊಂಡು ಬೀದಿಗಿಳಿದರು. ಅವನಿಗೆ ಆಗ ಹದಿನಾರು. ದೂರದಲ್ಲಿ ನಿಂತು ನೋಡಿದ್ದನಂತೆ.

"ಆ ಮುಖವಾಡದ ಹಕ್ಕು ಯಾರದು?" ವನಜಕ್ಕ ಕೇಳಿದರು.

ಪ್ರಜ್ವಲ ಸ್ವಲ್ಪ ಹೊತ್ತು ಗೋಲಿಬಜೆ ನೋಡಿದ. "ಆಗ ಟೈಮ್ ವಾರ್ನರ್‌ದು. ಅದು ಸಿನಿಮಾದ ಮುಖವಾಡ. ಒಂದೊಂದು ಮಾರಿದಾಗಲೂ ಕಂಪನಿಗೆ ಪಾಲು."

"ಅಂದ್ರೆ ಸಿನಿಮಾ ಕಂಪನಿಗೆ ದುಡ್ಡು ಕೊಟ್ಟು ಸಿನಿಮಾ ಕಂಪನಿಗೇ ಧಿಕ್ಕಾರ."

"ಇಲ್ಲಕ್ಕಾ, ನಮ್ಮವರದು ಕ್ರಾಫರ್ಡ್ ಮಾರ್ಕೆಟ್ ಮಾಲಿರಬೇಕು. ನಕಲಿ."

"ಹಾಗಾದರೆ ಅವರೇ ನಿಜವಾದ ಹೋರಾಟಗಾರರು."

(ಈ ಮಾತು ನನ್ನದಾಗಿದ್ದರೆ ಎಷ್ಟು ಚೆನ್ನಾಗಿತ್ತು.)

ನಗುವಿನ ನಡುವೆ ಮಾತು ಪಾಲ್ಘರ್‌ಗೆ ಹೊರಳಿತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ವೆಸ್ಟರ್ನ್ ಲೈನಿನಲ್ಲೇ ಫೇಸ್‌ಬುಕ್ಕಿನ ನಾಲ್ಕು ಸಾಲಿಗೆ ಒಬ್ಬ ಹುಡುಗಿ, ಅದಕ್ಕೆ ಲೈಕ್ ಒತ್ತಿದ್ದಕ್ಕೆ ಇನ್ನೊಬ್ಬಳು, ಇಬ್ಬರೂ ಪೊಲೀಸ್ ಸ್ಟೇಷನ್ ಹತ್ತಿದ್ದರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ಹೊಡೆದು ಹಾಕಿದ್ದು 2015ರಲ್ಲಿ. ಮಾಸ್ತರು ಕಾಗದದಿಂದ ತಲೆ ಎತ್ತಿ, "ನನ್ನ ಮಗಳು ಆಗ ಕಾಲೇಜಿನಾಗ ಇದ್ಲು. ಒಂದು ವಾರ ನಾನು ಅಕಿ ಫೋನು ಇಸಕೊಂಡು ಇಟ್ಟುಕೊಂಡಿದ್ದೆ" ಅಂದರು. ಯಾರೂ ಏನೂ ಅನ್ನಲಿಲ್ಲ.

"ನಕಲು ನಕಲು ಅಂತೀರಿ" ವನಜಕ್ಕನೇ ಮತ್ತೆ ಶುರು ಮಾಡಿದರು. "ವ್ಯಾಸರು ಕೇಸು ಹಾಕಿದ್ದರೆ ಕುಮಾರವ್ಯಾಸ ಗದುಗಿನ ದೇವಸ್ಥಾನದ ಬದಲು ಎಲ್ಲಿ ಕೂತು ಬರೀಬೇಕಿತ್ತು?"

ಅಶೋಕ ಆಗ ಜೇಬಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಮಳೆಗೆ ಎರಡು ಸುತ್ತು ಸುತ್ತಿದ್ದ. ಒಳಗೆ ಕ್ಯಾಸೆಟ್. ಚೀಟಿಯ ಮೇಲೆ ಪೆನ್ಸಿಲಿನಲ್ಲಿ 'ಕರ್ಣಪರ್ವ, ಫೋರ್ಟ್, 1987'.

"ನಿಜವಾದ ವಿಷಯ ಇದು. ಹೆಂಡತಿಯದು ಸುಮ್ನೆ ಹೇಳಿದ್ದು."

ಸದಾನಂದಣ್ಣ ಅಂದರೆ ಅಶೋಕನ ದೊಡ್ಡಣ್ಣ. ಹಗಲು ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮಾಡಿ, ವಾರ್ಷಿಕೋತ್ಸವದ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುತ್ತಿದ್ದವನು. ಆ ಶಾಲೆ ಈಗಿಲ್ಲ. ಅವನೂ ಇಲ್ಲ. ಹೋದ ತಿಂಗಳು ಅಶೋಕ ಈ ಕ್ಯಾಸೆಟ್ಟನ್ನು ಯಾರ ಕೈಯಲ್ಲೋ ಕಂಪ್ಯೂಟರಿಗೆ ಹಾಕಿಸಿ, ನೆಂಟರೆಲ್ಲ ಕೇಳಲಿ ಅಂತ ಇಂಟರ್ನೆಟ್ಟಿಗೆ ಏರಿಸಿದ. ಮರುದಿನವೇ ನೋಟಿಸು. ಇದರಲ್ಲಿ ಬೇರೆಯವರ ಹಾಡಿದೆ, ಆ ಭಾಗದ ಧ್ವನಿ ತೆಗೆದಿದ್ದೇವೆ.

"ಎಂಥ ಹಾಡು?"

"ಎದುರು ಇರಾನಿ ಹೋಟೆಲಿನ ರೇಡಿಯೊ. ಹಿಂದಿ ಸಿನಿಮಾ ಹಾಡು. ಹನ್ನೆರಡು ಸೆಕೆಂಡು ಇರಬಹುದು. ಯಾರು ಕೇಳಿ ಹಿಡಿದರು?"

"ಯಾರೂ ಕೇಳಿಲ್ಲ" ಅಂದ ಪ್ರಜ್ವಲ. "ಯಂತ್ರ ಹೊಂದಿಸಿ ನೋಡುತ್ತೆ. ಹಾಡು ಯಾವುದು ಅಂತ ಮಾತ್ರ ಅದಕ್ಕೆ ಗೊತ್ತು. ಜೊತೆಗೆ ಯಾರು ಮಾತಾಡ್ತಿದ್ದಾರೆ ಅಂತ ಗೊತ್ತಿಲ್ಲ."

"ಹಾಗಾದರೆ ಪೇಪರಿನವರು ಸರಿಯಾಗೇ ಹಾಕಿದ್ದಾರೆ" ಅಶೋಕ ನಗಲು ನೋಡಿದ. "ಅಶೋಕ್ ಕುಮಾರ್ ಅಂದ್ರೆ ನಾನೇ."

ಶೆಟ್ರು ಎದ್ದು ಗಲ್ಲಾದ ಮೇಲಿನ ಟೇಪ್ ರೆಕಾರ್ಡರ್ ಇಳಿಸಿದರು. ದಿನಾ ಬೆಳಗ್ಗೆ ಸುಪ್ರಭಾತ ಹಾಡುವುದು ಅದೇ, ಹಿಟ್ಟಿನ ಧೂಳು ಹಿಡಿದದ್ದು. ವನಜಕ್ಕ ಕ್ಯಾಸೆಟ್ಟನ್ನು ತಿರುಗಿಸಿ ನೋಡಿದರು. ಟೇಪು ಸಡಿಲವಾಗಿತ್ತು. ಮಾಸ್ತರರ ಪೆನ್ನು ಕಿತ್ತುಕೊಂಡು ಚಕ್ರಕ್ಕೆ ತೂರಿಸಿ ಸುತ್ತಿದರು. ನೆತ್ತಿಯ ಮೇಲಿನ ಎರಡು ಕಿವಿಗಳೂ ಮುರಿದಿದ್ದವು.

"ಅಣ್ಣನೇ ಮುರಿದದ್ದು" ಅಂದ ಅಶೋಕ. "ನಾನು ಇದರ ಮೇಲೆ ಸಿನಿಮಾ ಹಾಡು ತುಂಬಿಸಿಬಿಡ್ತೇನೆ ಅಂತ."

ಆ ಕಿವಿ ಮುರಿದರೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಆಗಲೇಬೇಕು ಅಂದರೆ ತೂತಿಗೆ ಸೆಲ್ಲೋಟೇಪ್ ಅಂಟಿಸಬೇಕು. ನಮ್ಮ ಕಾಲದ ಬೀಗವೂ ಅದೇ, ಹ್ಯಾಕಿಂಗೂ ಅದೇ, ಎರಡೂ ನಮ್ಮ ಕೈಯಲ್ಲೇ ಇತ್ತು.

ಗುಂಡಿ ಒತ್ತಿದರು. ಮೊದಲು ಬುಸುಗುಟ್ಟುವ ಸದ್ದು. ಚೆಂಡೆ. ಯಾರದೋ ಕೆಮ್ಮು. ಆಮೇಲೆ ಕರ್ಣ ಸಾರಥಿ ಶಲ್ಯನ ಜೊತೆ ಮಾತಿಗಿಳಿದ. ಗಟ್ಟಿ ಗಂಟಲು, ಇಪ್ಪತ್ತರ ಹುಡುಗನ ಗತ್ತು. ಗ್ರೈಂಡರ್ ನಿಲ್ಲಿಸು ಅಂತ ಶೆಟ್ರು ಒಳಗೆ ಸನ್ನೆ ಮಾಡಿದರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸಣ್ಣಗೆ ಹಾಡು ಏಳತೊಡಗಿತು. ಅಶೋಕ ಬೆರಳೆತ್ತಿದ.

ಕರ್ಣ ಮಾತು ನಿಲ್ಲಿಸಿದ. ಒಂದು ಉಸಿರು.

"ಮದ್ರರಾಜಾ, ಇದೇನು? ಪಾಂಡವರ ಬಿಡಾರದಲ್ಲಿ ರೇಡಿಯೊ ಹಾಕಿದ್ದಾರೋ?"

ಸಭೆಯಲ್ಲಿ ನಗು ಸಿಡಿಯಿತು. ಅದು ಅಡಗುವವರೆಗೆ ಕಾದು ಕರ್ಣ ಹೇಳಿದ:

"ಸೋಲುವವರ ಹಾಡು. ಹಾಡಲಿ ಬಿಡು."

ಮತ್ತೆ ನಗು. ಎಲ್ಲ ನಗುವಿನ ಮೇಲೆ ಮೈಕಿನ ತೀರ ಹತ್ತಿರ ಒಂದು ಕೀಚಲು ನಗು, ನಿಲ್ಲಲೇ ಇಲ್ಲ.

"ಅದು ನಾನು" ಅಂದ ಅಶೋಕ್ ಕುಮಾರ್. "ಮುಂದಿನ ಸಾಲಿನಲ್ಲೇ ಕೂತಿದ್ದೆ."

ಟೇಪು ಮುಂದೆ ಓಡುತ್ತಿತ್ತು. ಪೆನ್ನು ವಾಪಸ್ ಪಡೆದ ಮಾಸ್ತರು ಅದನ್ನು ಜೇಬಿಗೆ ಸಿಕ್ಕಿಸಲಿಲ್ಲ.

"ಹಿಂದಕ್ಕ ತಿರುಗಿಸ್ರಿ" ಅಂದರು. "ರೇಡಿಯೊದ್ದು ಇನ್ನೊಮ್ಮೆ."