ಹಳೇ ಪೋರ್ಷೆ 944: ಟೈಮಿಂಗ್ ಬೆಲ್ಟ್ ಈಗಲೇ ಬದಲಿಸಬೇಕಾ?

ಕುಮಟಾ_944:
1986ರ ಮಾಡೆಲ್, ಟರ್ಬೊ ಇಲ್ಲ. ಟೈಮಿಂಗ್ ಬೆಲ್ಟ್ (ಪಿಸ್ಟನ್‌ಗೂ ವಾಲ್ವ್‌ಗೂ ತಾಳ ತಪ್ಪದಂತೆ ನೋಡಿಕೊಳ್ಳುವ ಹಲ್ಲಿನ ಪಟ್ಟಿ) ಹಾಕಿ ಆರು ವರ್ಷ ಆಯ್ತು, ಓಡಿದ್ದು 18,000 ಕಿ.ಮೀ. ಅಷ್ಟೇ. ಕವರ್ ತೆಗೆದು ನೋಡಿದರೆ ಬಿರುಕಿಲ್ಲ. ಮಳೆಗಾಲ ಮುಗಿದ ಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಬಹುದಾ?

ಶಿರಸಿ_ಗ್ಯಾರೇಜು:
ಬೇಡ ಮಾರಾಯ್ರೇ! ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಸಿಲಿಂಡರ್ ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಇಳಿಸಲೇಬೇಕು. ಬೆಲ್ಟ್ ಬದಲಿಸುವ ಲೆಕ್ಕ ಸುಮಾರು 72,000 ಕಿ.ಮೀ. ಅಥವಾ ನಾಲ್ಕು ವರ್ಷ, ಯಾವುದು ಮೊದಲೋ ಅದು. ರಬ್ಬರು ನಿಂತಲ್ಲೇ ಹಳತಾಗುತ್ತದೆ. ಒಳಗಿನ ನಾರು ಸೋತದ್ದು ಹೊರಗೆ ಕಾಣುವುದಿಲ್ಲ.

ಬರೀ ಬೆಲ್ಟ್ ಹಾಕಿ ಮುಚ್ಚಬೇಡಿ. ಬ್ಯಾಲೆನ್ಸ್ ಶಾಫ್ಟ್ ಬೆಲ್ಟ್ (ಎಂಜಿನ್ ನಡುಕ ತಗ್ಗಿಸುವ ಶಾಫ್ಟ್‌ಗಳನ್ನು ತಿರುಗಿಸುವುದು), ರೋಲರ್‌ಗಳು, ಮುಂದಿನ ಆಯಿಲ್ ಸೀಲ್‌ಗಳು ಜೊತೆಗೇ ಹೊಸದಾಗಲಿ. ಬ್ಯಾಲೆನ್ಸ್ ಬೆಲ್ಟ್ ಹರಿದು ಸಿಕ್ಕಿಕೊಂಡರೆ ಟೈಮಿಂಗ್ ಬೆಲ್ಟನ್ನೂ ಕೆಡಿಸುತ್ತದೆ. ಸೀಲ್ ಸೋರಿದರೆ ಎಣ್ಣೆ ಕುಡಿದ ಬೆಲ್ಟ್ ಬೇಗ ಹಾಳು. ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟ್‌ನಿಂದ. ಪಂಪ್ ಹಳತಾಗಿದ್ದರೆ ಈಗಲೇ ಬದಲಿಸಿ, ಆಮೇಲೆ ಮತ್ತೆ ಇಷ್ಟೆಲ್ಲ ಬಿಚ್ಚುವ ಕೆಲಸ ಯಾಕೆ?

ಕಾರವಾರ_ಸ್ಪ್ಯಾನರ್:
ಬೆಲ್ಟ್‌ನ ಟೆನ್ಷನ್ (ಬಿಗಿತ) ಬಗ್ಗೆ ಒಂದು ಮಾತು. ನಿಮ್ಮದರಲ್ಲಿ ಸ್ಪ್ರಿಂಗ್ ಟೆನ್ಷನರ್ ಇಲ್ಲ, ಕೈಯಲ್ಲೇ ಹೊಂದಿಸಬೇಕು; ಎಂಜಿನ್ ಪೂರ್ತಿ ತಣ್ಣಗಿರಲಿ, ಬಿಗಿತ ಅಳೆಯುವ ಗೇಜ್ ಬಳಸಿ. ಸಡಿಲವಾದರೆ ಬೆಲ್ಟ್ ಪುಲ್ಲಿಯ ಹಲ್ಲು ತಪ್ಪಿ ಹಾರುತ್ತದೆ, ಬಿಗಿಯಾದರೆ ಪಂಪ್ ಬೇರಿಂಗ್ ಹೋಗುತ್ತದೆ. ಬ್ಯಾಲೆನ್ಸ್ ಬೆಲ್ಟ್ ಇದಕ್ಕಿಂತ ಸಡಿಲ ಇರಬೇಕು. ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಪ್ರದಕ್ಷಿಣವಾಗಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಮತ್ತು ಫ್ಲೈವೀಲ್ ಗುರುತು ಮತ್ತೆ ಕೂಡುತ್ತವಾ ನೋಡಿ. ತಡೆ ಸಿಕ್ಕರೆ ಒತ್ತಬೇಡಿ. 2,500 ಕಿ.ಮೀ. ಆದಮೇಲೆ ಟೆನ್ಷನ್ ಮತ್ತೆ ಪರೀಕ್ಷಿಸಿ. ಕಡಲ ಗಾಳಿಗೆ ಪುಲ್ಲಿಯ ಹಲ್ಲಿನಲ್ಲಿ ತುಕ್ಕು ಕೂತಿದ್ದರೆ ಅದು ಹೊಸ ಬೆಲ್ಟನ್ನು ಅರದಂತೆ ಸವೆಸುತ್ತದೆ, ಅದನ್ನೂ ನೋಡಿಕೊಳ್ಳಿ.

ಕುಮಟಾ_944:
ಸರಿ, ಬಿಡಿಭಾಗ ಬರುವವರೆಗೆ ಗಾಡಿ ಸ್ಟಾರ್ಟ್ ಮಾಡುವುದಿಲ್ಲ.