ಬೆಂಗಳೂರಿನಲ್ಲಿ ಕೊಲೆ ಶೇ 14 ಹೆಚ್ಚಿತು ಎಂದರೆ ಏನರ್ಥ?

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾಳೆ. ನೆಂಟರೊಬ್ಬರು ಹಳೆಯ ಪತ್ರಿಕೆಯ ತುಣುಕೊಂದನ್ನು ಮೊಬೈಲಿಗೆ ಕಳುಹಿಸಿದ್ದಾರೆ. ಅಲ್ಲಿ ಕೊಲೆ ಪ್ರಕರಣಗಳು 2021ರಲ್ಲಿ 152, 2022ರಲ್ಲಿ 173. ಒಂದೇ ವರ್ಷಕ್ಕೆ ಸುಮಾರು ಶೇ 14 ಏರಿಕೆಯಂತೆ. ಅದನ್ನು ಓದಿದಾಗಿನಿಂದ ಅವಳ ಅಮ್ಮನಿಗೆ ನಿದ್ದೆಯಿಲ್ಲ, ನನಗೂ ಇಲ್ಲ. ಈ ಲೆಕ್ಕವನ್ನು ಹೇಗೆ ಓದಬೇಕು? ಬಲ್ಲವರು ತಿಳಿಸಿ.

ಉತ್ತರ: ಉಪನ್ಯಾಸಕಿ, ಶಿವಮೊಗ್ಗ

ಸರ್, ಆ ತುಣುಕು 2020ನ್ನು ಬಿಟ್ಟಿದೆ. ಆ ವರ್ಷ 179 ಇತ್ತು. ತಗ್ಗಿದ ವರ್ಷದಿಂದ ಅಳೆದರೆ ಮರುವರ್ಷ ಏರಿದಂತೆಯೇ ಕಾಣುತ್ತದೆ. ಇನ್ನು ಜನಸಂಖ್ಯೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನಗರಗಳ ಪ್ರಮಾಣವನ್ನು 2011ರ ಜನಗಣತಿಯಿಂದ ಲೆಕ್ಕ ಹಾಕುತ್ತದೆ, ಅಂದರೆ ಬೆಂಗಳೂರಿಗೆ 85 ಲಕ್ಷ. ಹಾಗೆ ಲಕ್ಷಕ್ಕೆ ಎರಡು ಬರುತ್ತದೆ. ಇಡೀ ದೇಶದ್ದು 2.1. ಈಗ ಅಲ್ಲಿ ಕೋಟಿಗೂ ಹೆಚ್ಚು ಜನರಿರುವಾಗ ನಿಜವಾದ ಪ್ರಮಾಣ ಇನ್ನೂ ಕಡಿಮೆ. ನಮ್ಮ ಶಿವಮೊಗ್ಗ ನಗರದ ಆಗಿನ 3.22 ಲಕ್ಷ ಜನರಿಗೆ ಅದೇ ಪ್ರಮಾಣವೆಂದರೆ ವರ್ಷಕ್ಕೆ ಆರೋ ಏಳೋ ಕೊಲೆ. ಇಂಥ ಊರಿನಲ್ಲಿ ಆರು ಒಂಬತ್ತಾದರೆ ‘ಶೇ 50 ಏರಿಕೆ’ ಎಂದು ಬರೆದುಬಿಡಬಹುದು! ನ್ಯೂಯಾರ್ಕಿನಲ್ಲಿ 1990ರಲ್ಲಿ 2,245 ಇದ್ದ ಕೊಲೆಗಳು 2017ರಲ್ಲಿ 292ಕ್ಕೆ ಇಳಿದವು. ಅಂಥದ್ದನ್ನು ದಿಕ್ಕು ಬದಲಾಯಿತು ಎನ್ನಬಹುದು.

ಉತ್ತರ: ನಿವೃತ್ತ ಠಾಣಾ ಬರಹಗಾರ, ಸಾಗರ

ಮೇಡಂ ಹೇಳಿದ್ದು ಸರಿ. ಆದರೆ ಆ 152, 173 ಹುಟ್ಟುವ ಜಾಗದಲ್ಲಿ ಕುಳಿತಿದ್ದವನು ನಾನು.

ಮಳೆಗಾಲದಲ್ಲಿ ತುಂಗೆಯಲ್ಲಿ ಹೆಣ ತೇಲಿ ಬಂದರೆ ಮೊದಲು ಯುಡಿಆರ್, ಅಂದರೆ ಅಸಹಜ ಸಾವು ಎಂದು ಬರೆಯುತ್ತಿದ್ದೆವು. ಕಾಲು ಜಾರಿತೋ, ಯಾರಾದರೂ ನೂಕಿದರೋ? ಪ್ರಯೋಗಾಲಯದ ವರದಿ ಬರಲು ಎಷ್ಟೋ ಸಲ ತಿಂಗಳುಗಳು ಹಿಡಿಯುತ್ತಿದ್ದವು. ಕೊಲೆ ಎಂದು ಖಚಿತವಾದ ಮೇಲೆ ದಂಡ ಸಂಹಿತೆಯ 302ನೇ ಕಲಂ ಹಾಕುತ್ತಿದ್ದೆವು (2024ರ ಜುಲೈ 1ರಿಂದ ಅದು ನ್ಯಾಯ ಸಂಹಿತೆಯ 103). ಸತ್ತದ್ದು ಒಂದು ವರ್ಷ, ಕೊಲೆಯ ಲೆಕ್ಕಕ್ಕೆ ಬಂದದ್ದು ಮರುವರ್ಷ. ಒಂದೇ ಮನೆಯಲ್ಲಿ ಮೂವರನ್ನು ಕೊಂದಿದ್ದರೂ ಪ್ರಕರಣ ಒಂದೇ. ಸತ್ತವರ ಸಂಖ್ಯೆಗೆ ಬೇರೆ ಅಂಕಣವಿದೆ.

ವರದಕ್ಷಿಣೆ ಸಾವಿಗೂ ಬೇರೆ ಅಂಕಣ. ಸುಟ್ಟ ಮೈಯ ಹೆಣ್ಣುಮಕ್ಕಳ ಹೇಳಿಕೆಯನ್ನು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಬರೆದುಕೊಂಡಿದ್ದೇನೆ. ಅವರನ್ನು ಪಕ್ಕಕ್ಕಿಟ್ಟು ‘ಕೊಲೆ ಕಡಿಮೆಯಾಯಿತು’ ಎಂದು ಯಾರಾದರೂ ಹೆಮ್ಮೆಪಟ್ಟರೆ ನಾನು ಒಪ್ಪುವುದಿಲ್ಲ. ಎರಡೂ ಅಂಕಣಗಳನ್ನು ಒಟ್ಟಿಗೆ ನೋಡಬೇಕು.

ಪ್ರಶ್ನೆ ಕೇಳಿದವರು

ಉಪಕಾರವಾಯಿತು. ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಮಳೆಯ ಲೆಕ್ಕವನ್ನು ಇಂಚಿನಲ್ಲಿ ಬರೆದಿಡುತ್ತೇವೆ. ಎರಡು ವರ್ಷದ ಮಳೆ ನೋಡಿ ನಾನು ತೋಟದ ಬಗ್ಗೆ ಏನನ್ನೂ ತೀರ್ಮಾನಿಸುವುದಿಲ್ಲ, ಇಲ್ಲಿ ಮಾತ್ರ ತೀರ್ಮಾನಿಸಿಬಿಟ್ಟೆ. ಆದರೂ ಕೇಳುತ್ತೇನೆ: ಗುರುತಿಲ್ಲದವರು ದಾರಿಯಲ್ಲಿ ಕೊಲ್ಲುವುದು ಎಷ್ಟು?

ಉತ್ತರ: ನಿವೃತ್ತ ಠಾಣಾ ಬರಹಗಾರ, ಸಾಗರ

2022ರಲ್ಲಿ ದೇಶದಲ್ಲಿ ದಾಖಲಾದ 28,522 ಕೊಲೆಗಳಲ್ಲಿ 9,962ಕ್ಕೆ ಜಗಳ–ವಿವಾದವೇ ಕಾರಣ. ಆಮೇಲೆ ಹಗೆತನ. ಲಾಭಕ್ಕಾಗಿ ಕೊಂದದ್ದು ಇವೆರಡಕ್ಕಿಂತ ಬಹಳ ಕಡಿಮೆ. ನಾನು ಬರೆದ ಪ್ರಕರಣಗಳಲ್ಲಿಯೂ ಅಷ್ಟೇ: ಬೇಲಿ, ಪಾಲು, ಕುಡಿತ, ಮದುವೆ. ಕೊಂದವನ ಹೆಸರು ಸತ್ತವನ ಮನೆಯವರಿಗೆ ಮೊದಲೇ ಗೊತ್ತಿರುತ್ತಿತ್ತು.

ಹಾಗೆಂದು ಎಚ್ಚರ ತಪ್ಪುವುದು ಬೇಡ. ಇಡೀ ನಗರದ ಒಂದು ಅಂಕಿಗಿಂತ ಅವಳ ಬೀದಿಯ ದೀಪ, ರಾತ್ರಿ ಪಾಳಿಯಿದ್ದರೆ ಮನೆಯವರೆಗೆ ಬಿಡುವ ವಾಹನ, ಕೊನೆಯ ಬಸ್ಸಿನ ಹೊತ್ತು ನಿಮಗೆ ಮುಖ್ಯ. 112 ಅವಳ ಮೊಬೈಲಿನಲ್ಲಿರಲಿ. ಯಾವ ಬಡಾವಣೆಯಲ್ಲಿ ಮನೆ ಹಿಡಿಯುತ್ತಾಳೆಂದು ತಿಳಿದ ಮೇಲೆ ನೀವೇ ಒಮ್ಮೆ ಹೋಗಿ, ರಾತ್ರಿ ಒಂಬತ್ತರ ಮೇಲೆ ನಿಲ್ದಾಣದಿಂದ ಮನೆಯವರೆಗೆ ನಡೆದು ನೋಡಿ.